ಮಲಗುವುದು ಮುರ್ಡೇಶ್ವರ, ಖರ್ಚು ಜೋಗದಲ್ಲಿ!

ರಜೆಯ ದಿನ ಬೆಳಿಗ್ಗೆ ಏಳಕ್ಕೆ ಮುರ್ಡೇಶ್ವರದ ಲಾಡ್ಜುಗಳ ಮುಂದೆ ನಿಂತು ನೋಡಬೇಕು. ಸಾಲು ಸಾಲು ಟೆಂಪೊ ಟ್ರಾವೆಲರ್, ಕಾರು. ಒದ್ದೆ ತಲೆ ಒರೆಸಿಕೊಳ್ಳುತ್ತಲೇ ಹತ್ತುವವರು ಕೆಲವರು, ಇಡ್ಲಿ ಪೊಟ್ಟಣ ಹಿಡಿದು ಓಡಿ ಬರುವವರು ಕೆಲವರು. ಒಂದು ಗಾಡಿ ಜೋಗಕ್ಕೆ, ಒಂದು ಗೋಕರ್ಣಕ್ಕೆ, ಮತ್ತೊಂದು ಕೊಲ್ಲೂರಿಗೆ. ಒಂಬತ್ತು ಹೊಡೆಯುವಷ್ಟರಲ್ಲಿ ಜಾಗ ಖಾಲಿ. ತಿರುಗಿ ಬರುವುದು ಕತ್ತಲಾದ ಮೇಲೆ, ಹೊಟ್ಟೆ, ಚೀಲ ಎರಡನ್ನೂ ಬೇರೆ ಊರಲ್ಲಿ ತುಂಬಿಸಿಕೊಂಡು!

ಈ ಊರು ಠಿಕಾಣಿಗೆ ಹೇಳಿ ಮಾಡಿಸಿದ ಹಾಗಿದೆ ಎಂಬುದು ಸುಳ್ಳಲ್ಲ. ಇಡಗುಂಜಿ ಗಣಪತಿ 20 ಕಿ.ಮೀ. ಆಸುಪಾಸು. ಭಟ್ಕಳ, ಬೈಂದೂರು ದಾಟಿ ಕೊಲ್ಲೂರಿಗೆ 60. ಕುಮಟಾ ದಾಟಿ, ಮಿರ್ಜಾನ್ ಕೋಟೆ ನೋಡಿ ಗೋಕರ್ಣಕ್ಕೆ 80ರ ಹತ್ತಿರ. ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿದರೆ ಜೋಗ, ಒಟ್ಟು ಸುಮಾರು 90. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿತು. 2008ರಲ್ಲಿ 20 ಅಂತಸ್ತಿನ ರಾಜಗೋಪುರ ಎದ್ದಿತು. 2023ರಲ್ಲಿ ಬೆಂಗಳೂರಿನ ರೈಲನ್ನೂ ಇಲ್ಲಿಯವರೆಗೆ ಎಳೆದು ತಂದರು. ಇನ್ನೇನು ಬೇಕು?

ಬೇಕಾದ್ದು ಬಹಳ ಇದೆ. ಮೊದಲು ಕಾಲದ ಮಾತು. ಜೋಗ ನೋಡುವ ಕಾಲ ಬೇರೆ, ಕಡಲು ಆಡುವ ಕಾಲ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಮೊದಲು ಕರೆಂಟಿಗೆ, ಉಳಿದರೆ ರಾಜ, ರಾಣಿ, ರೋರರ್, ರಾಕೆಟ್‌ಗೆ. 830 ಅಡಿಯಿಂದ ಧುಮುಕುವ ಜೋಗ ಕಣ್ತುಂಬ ಕಾಣುವುದು ಆಷಾಢ, ಶ್ರಾವಣದಲ್ಲಿ. ಆಗ ಇಲ್ಲಿ ಕಡಲು ಕೆರಳಿರುತ್ತದೆ. ನೇತ್ರಾಣಿ ದ್ವೀಪದ ದೋಣಿಯೂ ಇಲ್ಲ, ನೀರಿಗಿಳಿಯುವಂತೆಯೂ ಇಲ್ಲ. ಕಡಲು ತಣ್ಣಗಾಗಿ ಜನ ನುಗ್ಗುವ ಡಿಸೆಂಬರ್, ಜನವರಿಯಲ್ಲಿ ಜೋಗದ ಬಂಡೆ ಒಣಗುತ್ತಾ ಬಂದಿರುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ಏಜೆಂಟ್ ಸಿಕ್ಕಿದರೆ ಪುಣ್ಯ. ಅಷ್ಟು ದೂರ ಹೋಗಿ ಎರಡು ಎಳೆ ನೀರು ನೋಡಿ ಬಂದವನು ಬೈಯುವುದು ಕೊನೆಗೆ ಈ ಊರನ್ನೇ.

ಮಳೆಗಾಲದ ರಸ್ತೆಯ ಕಥೆ ಬೇರೆಯೇ. ಘಾಟಿಯಲ್ಲಿ ಗುಡ್ಡ ಜರಿದರೆ ಜೋಗದ ದಾರಿ ಬಂದ್. ಹೆದ್ದಾರಿಯಾದರೂ ಭದ್ರವೇ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ ಜನರ ಸಮೇತ ಕೊಚ್ಚಿಹೋಯಿತು. ಅದೇ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ‘ಬೆಳಿಗ್ಗೆ ಹೋಗಿ ಸಂಜೆ ಬರೋದು’ ಎಂಬ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ.

ಆದರೆ ದೊಡ್ಡ ಏಟು ಬಿದ್ದದ್ದು ಕಡಲದಂಡೆಯಲ್ಲೇ. 2024ರ ಡಿಸೆಂಬರ್ 10ರ ಸಂಜೆ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಸಮುದ್ರವನ್ನೇ ಕಾಣದ ಬಯಲುಸೀಮೆಯ ಮಕ್ಕಳಿಗೆ ಅಲೆಯ ಸೆಳೆತ ಹೇಗೆ ತಿಳಿಯಬೇಕು? ದಿನವೆಲ್ಲ ಊರೂರು ಸುತ್ತಿ, ಹೊತ್ತು ಮುಳುಗುವಾಗ ದಂಡೆಗೆ ಬಂದು ‘ಹತ್ತು ನಿಮಿಷ’ ಎಂದು ನೀರಿಗಿಳಿಯುವ ಪ್ರವಾಸಗಳು ಎಷ್ಟಿಲ್ಲ! ಬೆಳಕು ಹೋಗುವ ಹೊತ್ತು, ಕಾವಲಿನವರೂ ದಣಿದ ಹೊತ್ತು, ಗಾಡಿಗೆ ಹತ್ತುವ ಅವಸರ. ಆಮೇಲೆ ಕಡಲತೀರಕ್ಕೆ ಕೆಲ ಕಾಲ ಬೀಗ. ಹುರಿಗಡಲೆ ಮಾರುವವನಿಂದ ಹಿಡಿದು ದೋಣಿಯವನವರೆಗೆ ಎಲ್ಲರ ಹೊಟ್ಟೆಗೂ ಬಟ್ಟೆ. ಅಂಗಡಿಯವರು ಗೊಣಗಿದರು, ಅದು ಅವರ ಹೊಟ್ಟೆಪಾಡು. ಆದರೆ ಆ ನಾಲ್ಕು ಮನೆಗಳ ಮುಂದೆ ನಿಂತು ವ್ಯಾಪಾರದ ಮಾತಾಡುವ ಬಾಯಿ ಯಾರಿಗಿದೆ?

ಇನ್ನು ಬಸ್ಸಿನವರ ಪಾಡು. ಹೆದ್ದಾರಿಯ ಕ್ರಾಸಿನಲ್ಲಿ ಇಳಿದರೆ ದೇವಸ್ಥಾನಕ್ಕೆ ಇನ್ನೂ ಒಂದೆರಡು ಕಿ.ಮೀ., ಆಟೊದವನು ಹೇಳಿದ್ದೇ ರೇಟು. ಜೋಗಕ್ಕೆ ಹೋಗುವವರು ಹೊನ್ನಾವರದಲ್ಲಿ ಬಸ್ ಬದಲಿಸಿದರಾಯಿತು ಎಂದುಕೊಂಡು ಹೊರಡುತ್ತಾರೆ, ಕೊನೇ ಬಸ್ ಎಷ್ಟಕ್ಕೆಂದು ಕೇಳಿಕೊಳ್ಳುವುದಿಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾದಾ ಹಾಗೂ ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಲ್ಲಿ ಜೀರೊ ಟಿಕೆಟ್. ಒಳ್ಳೆಯದೇ. ಬಡವರ ಮನೆಯ ಅಜ್ಜಿಯೂ ಇಡಗುಂಜಿ ನೋಡುವಂತಾಯಿತು. ಆದರೆ ಜನ ಹೆಚ್ಚಿದಷ್ಟು ಬಸ್ ಹೆಚ್ಚದಿದ್ದರೆ, ದಿನಾ ಕುಮಟಾ, ಹೊನ್ನಾವರಕ್ಕೆ ಕೆಲಸಕ್ಕೆ ಓಡಾಡುವವರು ರಜೆ ದಿನದ ಗದ್ದಲದಲ್ಲಿ ಟೆಂಪೊ ಬಾಗಿಲಿಗೆ ಜೋತು ಬೀಳಬೇಕು, ಅಷ್ಟೆ.

ಪ್ರವಾಸಿ ಇಲ್ಲಿ ಮಲಗಿದ ಮಾತ್ರಕ್ಕೆ ಊರಿಗೆ ದುಡ್ಡು ಬಂದಂತಾಗದು. ಬಾಡಿಗೆ ಲಾಡ್ಜಿಗೆ, ಡೀಸೆಲ್ ಬಂಕಿಗೆ, ಮಧ್ಯಾಹ್ನದ ಊಟ ಜೋಗದ ಹೋಟೆಲಿಗೆ. ಊರ ಅಂಗಡಿಗೆ ಉಳಿಯುವುದು ರಾತ್ರಿ ಎಂಟರ ಮೇಲಿನ ಒಂದೂವರೆ ತಾಸು. ಜೋಗಕ್ಕೊಂದು ದಿನ, ಕಡಲಿಗೆ ಬೆಳಕಿರುವಾಗಲೇ ಇನ್ನೊಂದು ದಿನ ಎಂದು ವಿಂಗಡಿಸಿದರೆ ಎರಡನೇ ದಿನದ ಊಟ, ತಿಂಡಿ, ಎಳನೀರು ಇಲ್ಲೇ ಖರ್ಚಾಗುತ್ತದೆ. ಮಕ್ಕಳೂ ಸಂಜೆಗತ್ತಲಲ್ಲಿ ನೀರಿಗಿಳಿಯುವುದು ತಪ್ಪುತ್ತದೆ. ಕ್ರಾಸಿನಲ್ಲಿ ಹೊನ್ನಾವರ, ಜೋಗದ ಕೊನೇ ಬಸ್ಸಿನ ಸಮಯ ಬರೆದ ಹಲಗೆ, ಲಾಡ್ಜಿನ ಕೌಂಟರಿನಲ್ಲಿ ‘ಇವತ್ತು ಜೋಗದಲ್ಲಿ ನೀರು ಇಷ್ಟಿದೆ, ಕಡಲು ಹೀಗಿದೆ’ ಎಂದು ಸೀಮೆಸುಣ್ಣದಲ್ಲಿ ಬರೆದ ಎರಡು ಸಾಲು. ಇದಕ್ಕೆ ಬೆಂಗಳೂರಿನಿಂದ ಮಂಜೂರಾತಿ ಬರಬೇಕಾಗಿಲ್ಲ.