ಅಟ್ಟ ಸೇರುವ ಮೃದಂಗ

ಎಸ್ಸೆಸ್ಸೆಲ್ಸಿ ಬಂತೆಂದರೆ ಮೃದಂಗ ಅಟ್ಟ ಸೇರುವುದು ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಿಗೆ ಹೊಸತೇನಲ್ಲ. ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಮಾತೂ ಹಳೆಯದೇ. ಅಂಥ ಮನೆಗಳವರು ‘ಶಕ್ತಿ’ ತಂಡದ ಕಥೆ ಕೇಳಬೇಕು.

ಇಂಗ್ಲೆಂಡಿನ ಜಾಝ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ತಬಲಾದ ಜಾಕಿರ್ ಹುಸೇನ್, ಪಿಟೀಲಿನ ಎಲ್. ಶಂಕರ್, ಘಟದ ವಿಕ್ಕು ವಿನಾಯಕರಾಮ್ 1970ರ ದಶಕದಲ್ಲಿ ಒಂದಾದರು. ಜಾಝ್‌ನಲ್ಲೂ ನಮ್ಮ ಕಛೇರಿಯಲ್ಲೂ ಮನೋಧರ್ಮಕ್ಕೇ ಮೊದಲ ಮಣೆ. ಎರಡೂ ಸಲೀಸಾಗಿ ಬೆರೆತವು. ಆದರೆ 1977ರ ಬಳಿಕ ತಂಡ ಚದುರಿತು. 1997ರಿಂದ ‘ರಿಮೆಂಬರ್ ಶಕ್ತಿ’ ಎಂದು ವೇದಿಕೆ ಏರಿದರೂ, ಹಳೆಯ ಹೆಸರಿನಲ್ಲಿ ಸ್ಟುಡಿಯೋದ ಹೊಸ ಆಲ್ಬಂ ‘ದಿಸ್ ಮೊಮೆಂಟ್’ ಬಂದದ್ದು 46 ವರ್ಷಗಳ ನಂತರ, 2023ರಲ್ಲಿ. ಆ ಜನವರಿಯಲ್ಲಿ ಬೆಂಗಳೂರಿನಲ್ಲೂ ಕಛೇರಿ ನಡೆಯಿತು. ಗಾಯಕ ಶಂಕರ್ ಮಹಾದೇವನ್, ಪಿಟೀಲಿನ ಗಣೇಶ್ ರಾಜಗೋಪಾಲನ್ ಜೊತೆಗಿದ್ದರು; ತಂದೆ ವಿನಾಯಕರಾಮ್ ಅವರ ಜಾಗದಲ್ಲಿ ಮಗ ಸೆಲ್ವಗಣೇಶ್. 2024ರಲ್ಲಿ ಆಲ್ಬಂಗೆ ಗ್ರ್ಯಾಮಿ ಸಂದಿತು. ಅದೇ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡರು.

ತಂಡ ನಿಂತಿದ್ದಾಗಲೂ ಕಲಾವಿದರ ಸಾಧನೆ ನಿಲ್ಲಲಿಲ್ಲ. ಮತ್ತೆ ಕೂಡಿದಾಗ ಕೈ ಮಾತು ಕೇಳಿದ್ದು ಅದರಿಂದಲೇ. ಪರೀಕ್ಷೆಯ ವರ್ಷ ಪಾಠ ಕಡಿಮೆಯಾಗಲಿ, ಬೇಡವೆನ್ನುವವರಿಲ್ಲ. ಆದರೆ ದಿನಕ್ಕೆ ಹತ್ತು ನಿಮಿಷವಾದರೂ ಮನೆಯಲ್ಲಿ ಮೃದಂಗ ನುಡಿಯಲಿ. ‘ಆಮೇಲೆ’ ಎಂಬುದು ಎಲ್ಲರಿಗೂ ಸಿಗುವುದಿಲ್ಲ.