ರಸ್ತೆಯ ನಷ್ಟ ಯಾರ ತಲೆಗೆ?

ಹಾಸ್ಟೆಲಿನ ಗೆಳೆಯರೇ,

ಪೊನ್ನಂಪೇಟೆ ಕಡೆ ರಸ್ತೆ ಕೆಲಸಕ್ಕೆ ವರ್ಷ ಪೂರ್ತಿ ಸಿಗೋದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ದಾಟೋವರೆಗೂ ಬಿಡೋದಿಲ್ಲ. ಒದ್ದೆ ಜಲ್ಲಿಗೆ ಡಾಂಬರು ಅಂಟೋದಿಲ್ಲ. ದೂರದ ಪ್ಲಾಂಟಿನಿಂದ ಲಾರಿಯಲ್ಲಿ ಬರುವ ಬಿಸಿ ಮಾಲು ದಾರಿಯಲ್ಲೇ ಆರಿದರೆ ರೋಲರ್ ಎಷ್ಟು ಓಡಿಸಿದರೂ ಕೂರೋದಿಲ್ಲ, ಮುಂದಿನ ಮಳೆಗೆ ಎದ್ದು ಬರುತ್ತದೆ. 2018ರ ಮಳೆಗೆ ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ಘಾಟಿ ರಸ್ತೆ ಕುಸಿಯಿತು. ಅದೇ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿಯೂ ಮುಚ್ಚಿಹೋಯಿತು.

ಮಳೆ ಬಿಟ್ಟ ಮೇಲಾದರೂ ಕೆಲಸ ಸಲೀಸೇ? ಅದೂ ಇಲ್ಲ. ನವೆಂಬರಿಗೆ ಅರೇಬಿಕಾ, ಜನವರಿಗೆ ರೋಬಸ್ಟಾ ಕುಯ್ಲು. ತೋಟಕ್ಕೂ ರಸ್ತೆಗೂ ಬೇಕಾದ್ದು ಅದೇ ಕೈಗಳು: ಲೈನ್‌ಮನೆಯ ಎರವರು, ಜೇನುಕುರುಬರು, ನಮ್ಮ ಕೇರಿಯವರು, ಈಗೀಗ ಅಸ್ಸಾಮಿನಿಂದ ಬಂದವರು. ಆಳಿಗೆ ಗಿರಾಕಿ ಹೆಚ್ಚಾದರೆ ಕೂಲಿ ಏರಬೇಕಲ್ಲ? ಸಂತೆಯ ನ್ಯಾಯ ಅದೇ. ಆದರೆ ಮುಂಗಡ ಸಾಲ ಹೊತ್ತವನಿಗೆ ಆ ಸಂತೆಯ ಬಾಗಿಲೇ ತೆರೆಯೋದಿಲ್ಲ.

ಮಳೆ, ಮಾಲು, ಆಳು – ಈ ಮೂರರ ಅಪಾಯವೂ ಇಲಾಖೆಗೆ ಗೊತ್ತಿದೆ. ಗೊತ್ತಿದ್ದೇ ಕರಾರಿನಲ್ಲಿ ಬರೆದಿಡುತ್ತಾರೆ. ಮಳೆಗೆ ಕೆಲಸ ನಿಂತರೆ ಕಾಂಟ್ರಾಕ್ಟರು ಅವಧಿ ವಿಸ್ತರಣೆ ಕೇಳಬಹುದು. ಯಂತ್ರಕ್ಕೆ ವಿಮೆ ಇರುತ್ತದೆ. ದೊಡ್ಡ ಮೊತ್ತದ, ಉದ್ದ ಅವಧಿಯ ಕರಾರುಗಳಲ್ಲಿ ಬೆಲೆ ಹೊಂದಾಣಿಕೆ ಅಂತ ಒಂದು ಕಲಮು ಇರುತ್ತದೆ. ಡಾಂಬರು ಬರೋದು ಕಚ್ಚಾ ತೈಲದಿಂದ. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾಗಿ ತೈಲದ ಬೆಲೆ ಹಾರಿದಾಗ ಇಂಥ ಕಲಮು ಇದ್ದವರು ಬಚಾವಾದರು. ತಪ್ಪೇನಿಲ್ಲ. ದೂರದ ಯುದ್ಧಕ್ಕೆ ಇಲ್ಲಿ ರಸ್ತೆ ಮಾಡುವವನು ಯಾಕೆ ಮುಳುಗಬೇಕು?

ಆದರೆ ಆ ಕಲಮನ್ನು ಪೂರ್ತಿ ಓದಿ. ಅದರ ಸೂತ್ರದಲ್ಲಿ ಡಾಂಬರು, ಸಿಮೆಂಟು, ಕಬ್ಬಿಣ, ಡೀಸೆಲ್ ಜೊತೆಗೆ ಕೂಲಿಗೂ ಒಂದು ಪಾಲು ಇರುತ್ತದೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಏರಿದಂತೆ ಕೂಲಿಯ ಬಾಬ್ತಿಗೆ ಅಂತ ಕಾಂಟ್ರಾಕ್ಟರಿಗೆ ಹೆಚ್ಚಿನ ಹಣ ಸಂದಾಯವಾಗುತ್ತದೆ. ಅಕ್ಕಿ, ಬೇಳೆ, ಎಣ್ಣೆ ತುಟ್ಟಿಯಾಯಿತು ಅಂತ ಹಣ ಬಂತು. ತುಟ್ಟಿಯಾದದ್ದು ಯಾರ ಒಲೆಯ ಮೇಲಿನ ಅಕ್ಕಿ? ಜಲ್ಲಿ ಹೊತ್ತ ಅವ್ವನದು. ಅವಳ ಕೂಲಿ ಒಂದು ರೂಪಾಯಿಯಾದರೂ ಏರಿತೇ ಅಂತ ಬಿಲ್ಲು ಪಾಸು ಮಾಡುವ ಮೇಜಿನ ಮೇಲೆ ಯಾರು ಕೇಳುತ್ತಾರೆ? ಮಳೆಗೆ ಕೆಲಸ ನಿಂತ ದಿನ ಕಾಂಟ್ರಾಕ್ಟರಿಗೆ ಅವಧಿ ಸಿಕ್ಕಿತು. ಅವಳಿಗೆ ಗಂಜಿಯೂ ಇಲ್ಲ.

ಹಳ್ಳಿಯ ಸಣ್ಣ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ಈ ಕಲಮೂ ಇರೋದಿಲ್ಲ. ಅಲ್ಲಿ ಮಾಲಿನ ಬೆಲೆ ಏರಿದರೆ ಒಂದೋ ಡಾಂಬರು ತೆಳ್ಳಗಾಗುತ್ತೆ, ಇಲ್ಲವೇ ಕೂಲಿ ತೆಳ್ಳಗಾಗುತ್ತೆ. ಇದರಲ್ಲಿ ನಮ್ಮದೇ ಒಂದು ಮುಜುಗರವೂ ಇದೆ, ಮುಚ್ಚಿಡೋದು ಬೇಡ. ಕಾಂಟ್ರಾಕ್ಟುಗಳಲ್ಲಿ ಪರಿಶಿಷ್ಟರಿಗೆ ಇದ್ದ ಮೀಸಲಾತಿ 50 ಲಕ್ಷದವರೆಗಿನ ಕಾಮಗಾರಿಗೆ ಸೀಮಿತವಾಗಿತ್ತು, 2023ರಲ್ಲಿ ಅದು 1 ಕೋಟಿಗೆ ಏರಿತು. ಹೋರಾಡಿ ಪಡೆದದ್ದು, ಬೇಕಾದದ್ದು. ಆದರೆ ನಮ್ಮ ಹುಡುಗರ ಕೈಗೆ ಬಂದದ್ದು ಇಂಥ ಸಣ್ಣ ಕೆಲಸಗಳೇ. ಕೈಯಲ್ಲಿ ಬಂಡವಾಳವಿಲ್ಲ, ಬಿಲ್ಲು ತಡ, ಬೆಲೆಯೇರಿಕೆಗೆ ರಕ್ಷಣೆಯಿಲ್ಲ. ಹಾಗಂತ ನಮ್ಮ ಕಾಂಟ್ರಾಕ್ಟರೂ ನಷ್ಟವನ್ನು ನಮ್ಮ ಅವ್ವಂದಿರ ತಲೆಗೇ ದಾಟಿಸಿದರೆ ಜೈ ಭೀಮ್ ಅನ್ನೋ ಬಾಯಿಗೆ ಮಾನ ಎಲ್ಲಿ? ಸಣ್ಣ ಕಾಮಗಾರಿಗೂ ಆ ಕಲಮು ಬೇಕು ಅಂತ ಕೇಳೋಣ. ಏರಿದ ಕೂಲಿ ಕೈ ಸೇರಿದ ಮೇಲೇ ಏರಿದ ಬಿಲ್ಲು ಅಂತಲೂ ಕೇಳೋಣ.

ನಿಮ್ಮಲ್ಲಿ ಸಿವಿಲ್ ಡಿಪ್ಲೊಮಾ ಓದೋರು ಇದ್ದೀರಿ, ಕಾಮರ್ಸ್ ಓದೋರು ಇದ್ದೀರಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿಯ ಅರ್ಜಿ ಹಾಕಿ. ನಿಮ್ಮೂರಿನ ರಸ್ತೆಯ ಕರಾರಿನ ನಕಲು, ಬೆಲೆ ಹೊಂದಾಣಿಕೆಯ ಬಿಲ್ಲುಗಳು, ಇಲಾಖೆಯಲ್ಲಿರುವ ಕೂಲಿ ಪಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಪಟ್ಟಿ ಹಿಡಿದು ಗ್ಯಾಂಗಿನವರ ಹತ್ತಿರ ಹೋಗಿ, ಹೆಸರು ಹೆಸರಿಗೂ ಓದಿ ಹೇಳಿ, ಕೈಗೆ ಬಂದದ್ದೆಷ್ಟು ಅಂತ ಕೇಳಿ ಬರೆದುಕೊಳ್ಳಿ. ಮಳೆ ನಿಲ್ಲುತ್ತಲೇ ಅರ್ಜಿ ಹೋಗಲಿ. ಕಾಫಿ ಕುಯ್ಲು ಶುರುವಾದರೆ ಗ್ಯಾಂಗು ತೋಟಗಳಿಗೆ ಚದುರಿಹೋಗುತ್ತೆ, ಆಮೇಲೆ ಹೇಳೋರು ಯಾರೂ ಸಿಗೋಲ್ಲ.