ಕೋಳಿ ಕೊಂದದ್ದು ಯಾರೆಂದು ಮೊದಲು ನೋಡಿ

ಬೆಳಗಾಗುವಾಗ ಕೋಳಿಗೂಡಿನಲ್ಲಿ ರಕ್ತ ಕಂಡರೆ ನಮ್ಮ ಘೋಟಿಯಲ್ಲಿ ಮೊದಲು ಬಾಯಿಗೆ ಬರುವ ಹೆಸರು ಬಿಬಟ್ಯಾ, ಅಂದರೆ ಚಿರತೆ. ಅಂಗಡಿಗಳ ಬಾಗಿಲು ತೆರೆಯುವಷ್ಟರಲ್ಲಿ ಸುದ್ದಿ ಬಜಾರು ಮುಟ್ಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೋನು ಇಡಿ ಎಂದು ನಾಲ್ಕು ಜನ ಅರಣ್ಯ ಇಲಾಖೆಗೆ ಫೋನು ಮಾಡಿರುತ್ತಾರೆ. ಬೋನು ಬರದಿದ್ದರೆ, ಗದ್ದೆಗೆಂದು ತಂದ ಕೀಟನಾಶಕವನ್ನು ಸತ್ತ ಕೋಳಿಗೆ ಸವರಿ ಬೇಲಿಯಾಚೆ ಇಡೋಣ ಎನ್ನುವವರೂ ಇದ್ದಾರೆ. ಈ ಕೊನೆಯ ಮಾತು ಕೇಳಿ ಕೇಳಿಯೇ ಇದನ್ನು ಬರೆಯಲು ಕೂತಿದ್ದೇನೆ. ಗೂಡಿಗೆ ಬಂದದ್ದು ಯಾವ ಪ್ರಾಣಿ ಎಂದು ನೋಡದೆ ಶಿಕ್ಷೆ ತೀರ್ಮಾನಿಸುವುದು ತಪ್ಪು. ಅದರಿಂದ ಉಳಿದ ಕೋಳಿಗಳೂ ಬದುಕುವುದಿಲ್ಲ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಇಗತ್‌ಪುರಿ ತಾಲ್ಲೂಕಿನ ಈ ಊರಿಗೆ ಬಂದೆ. ಮುಂಬೈ–ಆಗ್ರಾ ಹೆದ್ದಾರಿಯ ಬದಿಯಲ್ಲಿ ನಮ್ಮ ಮನೆಯವರ ಹೋಟೆಲಿದೆ, ಮನೆಯ ಹಿತ್ತಿಲಲ್ಲಿ ನನ್ನ ಕೋಳಿಗಳಿವೆ. ಇಲ್ಲಿನವರು ಗಾವರಾನ್ ಅನ್ನುವ ಊರ ಕೋಳಿಗಳೇ ಹೆಚ್ಚು. ಘೋಟಿ ಅಂದರೆ ಭತ್ತ, ಅಕ್ಕಿ ಗಿರಣಿ, ಬಿಡದೆ ಸುರಿಯುವ ಮಳೆ. ಮೋಡ ಸರಿದ ದಿನ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1646 ಮೀಟರಿನ ಕಳಸೂಬಾಯಿ, ಕಣ್ಣಿಗೆ ಬೀಳುತ್ತದೆ. ನಮ್ಮ ಘಟ್ಟದ ಬುಡದ ಹಳ್ಳಿಗಳ ಹಾಗೆಯೇ ಇಲ್ಲೂ ಕಾಡು, ಗದ್ದೆ, ಕೇರಿ ಒಂದಕ್ಕೊಂದು ತಾಗಿಕೊಂಡಿವೆ. ಕೋಳಿಯ ಮೇಲೆ ಕಣ್ಣಿಟ್ಟವರೂ ಹೆಚ್ಚುಕಡಿಮೆ ಅವರೇ: ಮುಂಗುಸಿ, ಕಬ್ಬೆಕ್ಕು, ಕಾಡುಬೆಕ್ಕು, ನರಿ, ಹಾವು, ಗಿಡುಗ, ಹೆಗ್ಗಣ. ನಾನು ಕಂಡಂತೆ ಇವರೆಲ್ಲರಿಗಿಂತ ಹೆಚ್ಚು ಹಾಳು ಮಾಡುವುದು ಬೀದಿನಾಯಿ.

ಚಿರತೆಯ ಭಯ ಸುಳ್ಳಲ್ಲ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಪುಣೆ ಜಿಲ್ಲೆಯ ಪಿಂಪರಖೇಡದಲ್ಲಿ ಚಿರತೆ ದಾಳಿಗೆ ಮಕ್ಕಳು ಬಲಿಯಾದರು. ಆ ಊರಿನ ತಾಯಂದಿರ ಸಿಟ್ಟಿನ ಎದುರು ಯಾರೂ ಪಾಠ ಹೇಳಲು ಹೋಗಬಾರದು. ಆದರೆ ಚಿರತೆ ನಿಜವಾಗಿ ಬಂದ ದಿನ ಅರಣ್ಯದವರು ಓಡಿ ಬರಬೇಕಾದರೆ, ಮುಂಗುಸಿ ಬಂದ ದಿನ ಅವರನ್ನು ಓಡಿಸಬಾರದು. ಕಳಸೂಬಾಯಿಯ ಆಚೆ ಮಗ್ಗುಲಿನ ಅಕೋಲೆ ತಾಲ್ಲೂಕಿನಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಊರ ನಡುವೆಯೇ ಬದುಕುವ ಚಿರತೆಗಳು ಏನು ತಿನ್ನುತ್ತವೆ ಎಂದು ಅವುಗಳ ಹಿಕ್ಕೆ ಪರೀಕ್ಷಿಸಿ ನೋಡಿದ್ದರು. ತೂಕದ ಲೆಕ್ಕದಲ್ಲಿ ಅವುಗಳ ಆಹಾರದ ಶೇ 39 ಭಾಗ ನಾಯಿ, ಶೇ 15 ಸಾಕುಬೆಕ್ಕು. ನಾಯಿಗಳಿಗಿಂತ ಎಷ್ಟೋ ಪಾಲು ಹೆಚ್ಚಿದ್ದ ಮೇಕೆಗಳ ಪಾಲು ಶೇ 11 ಮಾತ್ರ. ಚಿರತೆ ಕೋಳಿಯನ್ನು ಮುಟ್ಟುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಗೂಡಿಗೆ ನುಗ್ಗಿದ್ದೂ ಉಂಟು. ಆದರೂ ಅದು ಕೇರಿಗೆ ಬರುವುದು ಬಹುಪಾಲು ನಾಯಿಯ ಆಸೆಗೆ.

ಹಾಗಾದರೆ ಕೊಂದವರು ಯಾರೆಂದು ತಿಳಿಯುವುದು ಹೇಗೆ? ಗೂಡನ್ನು ಗುಡಿಸುವ ಮೊದಲು ಗರಿಗಳನ್ನು ಹೆಕ್ಕಿ ಬೆಳಕಿಗೆ ಹಿಡಿಯಿರಿ. ಗಿಡುಗ ಹಕ್ಕಿಯನ್ನು ಕಾಲಡಿ ಒತ್ತಿಕೊಂಡು ಕೊಕ್ಕಿನಿಂದ ಗರಿಗಳನ್ನು ಒಂದೊಂದಾಗಿ ಕೀಳುತ್ತದೆ, ಹಾಗಾಗಿ ಗರಿಯ ದಂಟು ಬುಡದವರೆಗೂ ಇಡಿಯಾಗಿರುತ್ತದೆ. ಹೆಚ್ಚೆಂದರೆ ಒಂದು ಸಣ್ಣ ಕೊಕ್ಕಿನ ಗುರುತು. ಬೆಕ್ಕು, ನರಿ, ನಾಯಿಗಳು ಗರಿಗಳನ್ನು ಗೊಂಚಲಾಗಿ ಕಚ್ಚಿ ಎಳೆಯುತ್ತವೆ. ಆಗ ದಂಟು ತುಂಡಾಗಿರುತ್ತದೆ, ಜಜ್ಜಿರುತ್ತದೆ, ಎಂಜಲಿಗೆ ನಾಲ್ಕಾರು ಗರಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗರಿಗಳು ಒಂದೇ ಕಡೆ ವೃತ್ತವಾಗಿ ಬಿದ್ದಿವೆಯೋ, ಬೇಲಿಯ ಕಡೆಗೆ ಸಾಲಾಗಿ ಹೋಗಿವೆಯೋ ನೋಡಿ. ಸಾಲು ಇದ್ದರೆ ಹಕ್ಕಿಯನ್ನು ಎಳೆದುಕೊಂಡು ಹೋಗಿದ್ದಾರೆ, ಆ ಸಾಲಿನ ಹಿಂದೆಯೇ ನಡೆಯಬೇಕು.

ಹೆಜ್ಜೆಗುರುತು ನೋಡುವುದನ್ನು ನನಗೆ ಕಲಿಸಿದವರು ನಮ್ಮ ಹಿಂದಿನ ಪಾಡಾದ, ಅಂದರೆ ಆದಿವಾಸಿ ಕೇರಿಯ, ಠಾಕರ್ ಅಜ್ಜಿ. ಅವರ ಉಪಾಯಕ್ಕೆ ಖರ್ಚಿಲ್ಲ: ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ತಂದು, ಜರಡಿ ಹಿಡಿದು, ಸಂಜೆ ಗೂಡಿನ ಸುತ್ತ ಒಂದು ಮೊಳ ಅಗಲಕ್ಕೆ ತೆಳ್ಳಗೆ ಹರಡುವುದು. ಬೆಳಿಗ್ಗೆ ಅದರ ಮೇಲೆ ರಾತ್ರಿಯ ವೃತ್ತಾಂತ ಇರುತ್ತದೆ. ಒಮ್ಮೆ ಅಕ್ಕಪಕ್ಕದವರೆಲ್ಲ ಬಿಬಟ್ಯಾ ಎಂದು ಕೂಗಾಡುತ್ತಿದ್ದಾಗ ಅಜ್ಜಿ ಕುಕ್ಕರಗಾಲಲ್ಲಿ ಕೂತು, "ವಹಿನಿ, ಉಗುರು ನೋಡಿ. ಬೆಕ್ಕಿನ ಜಾತಿ ಉಗುರು ಒಳಗಿಟ್ಟುಕೊಂಡು ನಡೆಯುತ್ತದೆ" ಅಂದರು. ನಾಲ್ಕೂ ಬೆರಳಿನ ಮುಂದೆ ಮೊನೆ ಮೂಡಿತ್ತು. ಹೆಜ್ಜೆ ಕೂಡ ಅಗಲಕ್ಕಿಂತ ಉದ್ದವೇ ಹೆಚ್ಚು. ಚಿರತೆಯದಾದರೆ ಗುರುತು ಗುಂಡಗೆ, ಉಗುರಿಲ್ಲದೆ, ಅಂಗಾಲಿನ ದಿಂಬಿನ ಹಿಂಬದಿಯಲ್ಲಿ ಮೂರು ಉಬ್ಬುಗಳಾಗಿ ಇರುತ್ತದೆ. ಅದೇ ಆಕಾರ ಚಿಕ್ಕದಾಗಿದ್ದರೆ ಬೆಕ್ಕು ಅಥವಾ ಕಾಡುಬೆಕ್ಕು. ಐದು ಬೆರಳು ಕಂಡರೆ ಕಬ್ಬೆಕ್ಕು ಅಥವಾ ಮುಂಗುಸಿಯ ಕಡೆ ಯೋಚಿಸಬೇಕು. ಅಂದು ಬಂದದ್ದು ನಾಯಿ. ಜಾಲರಿ ಕಚ್ಚಿ ಎಳೆದಿತ್ತು, ಹಲವು ಕೋಳಿಗಳನ್ನು ಕೊಂದು ಅಲ್ಲಲ್ಲೇ ಚೆಲ್ಲಿತ್ತು, ಒಂದನ್ನೂ ನೆಟ್ಟಗೆ ತಿಂದಿರಲಿಲ್ಲ. ಹೊಟ್ಟೆಗೆ ಬೇಟೆಯಾಡುವ ಪ್ರಾಣಿ ಸಾಮಾನ್ಯವಾಗಿ ಒಂದನ್ನು ಹೊತ್ತು ಹೋಗುತ್ತದೆ. ಇದಕ್ಕೆ ಕಬ್ಬೆಕ್ಕು, ಮುಂಗುಸಿಗಳು ಅಪವಾದ. ಮುಚ್ಚಿದ ಗೂಡಿನೊಳಗೆ ಕೋಳಿಗಳು ಗಾಬರಿಯಿಂದ ಹಾರಾಡಿದರೆ ಅವೂ ಸಾಲಾಗಿ ಕುತ್ತಿಗೆ ಕಚ್ಚಿ ಬಿಡುತ್ತವೆ. ಆಗ ಹೊತ್ತು ನೋಡಬೇಕು. ಮುಂಗುಸಿ ಹಗಲಿನದು, ಕಬ್ಬೆಕ್ಕು ರಾತ್ರಿಯದು. ಹಣ್ಣಿನ ಬೀಜ ತುಂಬಿದ ಹಿಕ್ಕೆ ಮಾಡಿನ ಮೇಲೋ ಗೋಡೆಯ ಮೇಲೋ ಬಿದ್ದಿದ್ದರೆ ಕಬ್ಬೆಕ್ಕಿನ ಓಡಾಟವಿದೆ ಎಂದೇ ಲೆಕ್ಕ.

ಗರಿಯೂ ಇಲ್ಲ, ರಕ್ತವೂ ಇಲ್ಲ, ಮರಿ ಮಾತ್ರ ಕಡಿಮೆಯಾಗಿದೆ ಎಂದರೆ ಹಾವು ಅಥವಾ ಹೆಗ್ಗಣ. ಗೂಡಿನ ಮೂಲೆಯಲ್ಲಿ ಬಿಲದ ಬಾಯಿ ಹುಡುಕಿ. ಕೋಳಿ ಸತ್ತು ಬಿದ್ದಿದೆ, ಗಾಯ ಕಾಣುತ್ತಿಲ್ಲ, ತಲೆಯಿಂದ ಹೆಗಲಿನವರೆಗೆ ಗರಿ ಒದ್ದೆಯಾಗಿ ಮೈಗಂಟಿದೆ ಎಂದರೆ ಹಾವು ನುಂಗಲು ನೋಡಿ, ಆಗದೆ ಉಗುಳಿ ಹೋಗಿದೆ.

ಇನ್ನೊಂದು ಪರೀಕ್ಷೆ ಇದೆ. ಊರಿನಲ್ಲಿ ಯಾರೂ ಮಾಡದ ಪರೀಕ್ಷೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಚ್ಚಿದ ಜಾಗದ ಚರ್ಮ ಬಿಡಿಸಿ ಒಳಗೆ ನೋಡುವುದು. ಜೀವವಿದ್ದಾಗ ಹಲ್ಲು ನಾಟಿದ್ದರೆ ಚರ್ಮದಡಿ ರಕ್ತ ಹೆಪ್ಪುಗಟ್ಟಿ ಕಪ್ಪುಗೆಂಪು ಕಲೆಯಾಗಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ಮಾಂಸ ಹರಿದಿರುತ್ತದೆ, ಕಲೆ ಇರುವುದಿಲ್ಲ. ಕಲೆ ಇಲ್ಲದಿದ್ದರೆ ಬೇಟೆಗಾರನನ್ನು ಹುಡುಕುವುದನ್ನು ಬಿಟ್ಟು ಉಳಿದ ಕೋಳಿಗಳನ್ನು ನೋಡಿ: ತೂಕಡಿಸುತ್ತಿವೆಯೇ, ಹಸಿರು ಬೇಧಿ ಇದೆಯೇ, ಕತ್ತು ತಿರುಚುತ್ತಿದೆಯೇ. ಅದು ಕೊಕ್ಕರೆ ರೋಗ ಇರಬಹುದು, ಇಲ್ಲಿನವರ ಮಾನಮೋಡಿ. ರೋಗಕ್ಕೆ ಸತ್ತ ಕೋಳಿಯನ್ನು ರಾತ್ರಿ ಬೆಕ್ಕು ಎಳೆದಾಡಿರುತ್ತದೆ, ಬೆಳಿಗ್ಗೆ ಅಪವಾದ ಬೆಕ್ಕಿನ ತಲೆಗೆ. ಗೂಡಿಗೆ ಗೂಡೇ ಖಾಲಿಯಾದರೂ ಲಸಿಕೆಯ ಮಾತು ಬರುವುದಿಲ್ಲ. ಒಂದು ಎಚ್ಚರಿಕೆ: ಗಾಯವೇ ಇಲ್ಲದೆ ಒಟ್ಟೊಟ್ಟಿಗೆ ಸತ್ತಿದ್ದರೆ ಕೊಯ್ಯಲೂ ಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ, ಪಶುವೈದ್ಯರನ್ನು ಕರೆಯಿರಿ. 2006ರಲ್ಲಿ ಭಾರತದಲ್ಲಿ ಹಕ್ಕಿ ಜ್ವರ ಮೊದಲು ಪತ್ತೆಯಾದದ್ದು ಇದೇ ಉತ್ತರ ಮಹಾರಾಷ್ಟ್ರದ ನವಾಪುರದಲ್ಲಿ.

ಇಷ್ಟೆಲ್ಲ ನೋಡುವ ತಾಳ್ಮೆ ಯಾರಿಗಿದೆ ಎಂದು ಕೇಳುವವರಿಗೆ ವಿಷದ ವಿಚಾರ ಹೇಳಬೇಕು. ವಿಷಕ್ಕೆ ಆರೋಪಿಯ ಗುರುತು ಸಿಗುವುದಿಲ್ಲ, ಮೊದಲು ಬಾಯಿ ಹಾಕಿದವರು ಸಾಯುತ್ತಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ಹಸು ಸತ್ತ ಸಿಟ್ಟಿಗೆ ಅದರ ಕಳೇಬರಕ್ಕೆ ವಿಷ ಹಾಕಿದರು. ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತವು. ನಮ್ಮಿಂದ ದೂರವಿಲ್ಲದ ಅಂಜನೇರಿಯ ಬಂಡೆಗಳಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. ಬೇಲಿಯಾಚೆ ಎಸೆದ ವಿಷದ ಕಳೇಬರ ಅವುಗಳ ಪಾಲಾಗುವುದಿಲ್ಲ ಎಂದು ಯಾರು ಹೇಳಬಲ್ಲರು? ಬೋನಿನ ಕಥೆಯೂ ಸುಖದ್ದಲ್ಲ. ಜುನ್ನರ್ ಭಾಗದಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4ರಿಂದ 17ಕ್ಕೆ ಏರಿತ್ತು. ಒಂದು ಕೋಳಿಯ ನೆಪದಲ್ಲಿ ಸುಮ್ಮನಿದ್ದ ಚಿರತೆಯನ್ನು ಎತ್ತಂಗಡಿ ಮಾಡಿದರೆ ಅದರ ಬೆಲೆಯನ್ನು ಇನ್ಯಾವುದೋ ಊರಿನ ಮಗು ತೆರಬೇಕಾದೀತು.

ನನ್ನ ದೂರು ಹಳ್ಳಿಯವರ ಮೇಲಲ್ಲ. ಮೇಕೆ ಸತ್ತರೆ ಪಂಚನಾಮೆ ಉಂಟು, ಕೋಳಿ ಸತ್ತರೆ ಬಂದು ನೋಡುವವರಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಿಲ ಕೋಳಿಗಳ ಸಂಖ್ಯೆ 31.7 ಕೋಟಿ, 2012ಕ್ಕಿಂತ ಶೇ 46ರಷ್ಟು ಹೆಚ್ಚು. ಬಹುಪಾಲು ಹೆಂಗಸರು ಸಾಕಿದ್ದು. ಮಕ್ಕಳ ಪಟ್ಟಿ ಪುಸ್ತಕ, ಔಷಧಿ, ಬಸ್ ಚಾರ್ಜು ಎಲ್ಲ ಆ ಮೊಟ್ಟೆಯ ದುಡ್ಡಿನಲ್ಲಿ ನಡೆಯುತ್ತದೆ. ಕರ್ನಾಟಕದಲ್ಲೂ ಇಲ್ಲೂ ಬಡ ಹೆಂಗಸರಿಗೆ ಕೋಳಿಮರಿ ಹಂಚುವ ಯೋಜನೆಗಳು ಬಂದಿವೆ. ಮರಿ ಕೊಟ್ಟು, ಫೋಟೊ ತೆಗೆದು ಹೋದರೆ ಕೆಲಸ ಮುಗಿಯಲಿಲ್ಲ. ಅದೇ ದಿನ ಅರ್ಧ ಇಂಚಿನ ವೆಲ್ಡ್ ಮೆಶ್ ಕೂಡ ಕೊಡಬೇಕು. ಅಂಗಡಿಯಲ್ಲಿ ಸಿಗುವ ಷಟ್ಕೋನದ ತೆಳು ಕೋಳಿ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಮೆಶ್ಶನ್ನು ಗೂಡಿನ ಬುಡದಿಂದ ಹೊರಕ್ಕೆ ಒಂದು ಅಡಿ ಮಡಚಿ ಮಣ್ಣಿನಡಿ ಹಾಸಿದರೆ ಕೆರೆಯುವ ಪ್ರಾಣಿ ಅಲ್ಲೇ ಸೋಲುತ್ತದೆ. ಬಾಗಿಲಿಗೆ ಹಗ್ಗದ ಬದಲು ಕಬ್ಬಿಣದ ಚಿಲಕ ಬೇಕು. ಊರಿನ ಜಾನುವಾರು, ಕೋಳಿಗಳ ಆರೈಕೆ ನೋಡುವ ಪಶು ಸಖಿಯರಿಗೆ ಲಸಿಕೆಯ ಜೊತೆ ಗರಿ, ಹೆಜ್ಜೆ, ಚರ್ಮದಡಿಯ ಕಲೆ ನೋಡುವುದನ್ನೂ ಕಲಿಸಬೇಕು. ಅದನ್ನು ಕಲಿಸಲು ನಮ್ಮ ಠಾಕರ್ ಅಜ್ಜಿಯಂಥವರನ್ನು ಗೌರವಧನ ಕೊಟ್ಟು ಕರೆಯಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಕೇಳಬೇಕೆಂದಿರುವುದು ಇಷ್ಟನ್ನೇ. ಕುಂದಾಪುರದ ಕಡೆಯ ಅಕ್ಕತಂಗಿಯರೂ ತಮ್ಮ ಪಂಚಾಯಿತಿಯಲ್ಲಿ ಕೇಳಲಿ.